ನಮ್ಮ ಭಾವನಿಗೆ ಕಾರಣ ಬೇಕು

ನಮ್ಮ ಭಾವನ ಮನೆಗೆ ಬೆಕ್ಕೊಂದು ಬಂದು ಸೇರಿಕೊಳ್ಳಬೇಕಾದರೂ ಅದರ ಹಳೆಯ ಯಜಮಾನರ ಒಪ್ಪಿಗೆ ಬೇಕು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಮದುವೆಯಾಗಿ ಮೂಡಿಗೆರೆಗೆ ಬಂದ ಹೊಸದರಲ್ಲಿ ನಾನೂ ನಂಬಿರಲಿಲ್ಲ. ಕಣ್ಣಾರೆ ಕಂಡ ಮೇಲೆ ಬೇರೆ ದಾರಿ ಇರಲಿಲ್ಲ.

ಭಾವ ಎಂದರೆ ನನ್ನ ಗಂಡನ ಅಣ್ಣ. ಇಲ್ಲಿನ ಕಾಲೇಜಿನಲ್ಲಿ ಆಟದ ಮೇಷ್ಟ್ರಾಗಿದ್ದು ಈಗ ನಿವೃತ್ತರಾಗಿದ್ದಾರೆ. ಮದುವೆಯಿಲ್ಲ. ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರೇ ಇದ್ದಾರೆ. ಕೂಗಿದರೆ ಕೇಳುತ್ತದೆ, ಬರುವುದಿಲ್ಲ. ಯಾಕೆ ಕೂಗಿದ್ದು ಎಂದು ಅಲ್ಲಿಂದಲೇ ವಿಚಾರಿಸುತ್ತಾರೆ. ಊಟಕ್ಕೆ ಬನ್ನಿ ಎಂದರೆ, ಇವತ್ತೇ ಯಾಕೆ, ನಿನ್ನೆ ಯಾಕೆ ಕರೆಯಲಿಲ್ಲ ಎನ್ನುತ್ತಾರೆ. ಕಡುಬು ಜಾಸ್ತಿಯಾಗಿದೆ ಎಂದರೆ ಮಾತ್ರ ತಕ್ಷಣ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಅದು ಅವರಿಗೆ ಒಪ್ಪಿಗೆಯಾಗುವ ಕಾರಣ. ಹಾಗಾಗಿ ಭಾನುವಾರಗಳಲ್ಲಿ ನಾನು ಬೇಕೆಂದೇ ಒಂದು ಪಾವು ಅಕ್ಕಿತರಿ ಹೆಚ್ಚು ಹಾಕುತ್ತೇನೆ.

ಬೆಕ್ಕಿನ ಕತೆ ಹೇಳುತ್ತಿದ್ದೆ. ಭಾವನ ಪಕ್ಕದ ಮನೆಯ ಅಜ್ಜಿಯ ಮಗ ಒಂದು ವರ್ಷ ಮಾಲೆ ಹಾಕಿದ. ಮಾಲೆ ಎಂದ ಮೇಲೆ ಕೇಳಬೇಕೆ, ಮೀನಿನ ಪಾತ್ರೆ ಅಟ್ಟ ಸೇರಿತು. ಬೆಕ್ಕಿಗೇನು ವ್ರತವೇ? ಅದು ಅನ್ನ ಮಜ್ಜಿಗೆಯನ್ನು ಮೂಸಿ ನೋಡಿ, ಮುಖ ಸಿಂಡರಿಸಿ, ನೇರವಾಗಿ ಭಾವನ ಅಡಿಗೆಮನೆಗೆ ಬಂದು ಕೂತಿತು. ಭಾವ ಬಂಗುಡೆ ಹುರಿಯುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಒಂದು ತುಂಡು ಹಾಕುತ್ತಿದ್ದರು, ಇಲ್ಲವೇ ಒಂದು ಏಟು ಹಾಕುತ್ತಿದ್ದರು. ಭಾವ ಒಲೆ ಆರಿಸಿ ಬೆಕ್ಕನ್ನು ಎತ್ತಿಕೊಂಡು ಅಜ್ಜಿಯ ಮನೆಗೆ ಹೋದರು. ನಾನೂ ಹಿಂದೆಯೇ ಹೋದೆ. ಇಂಥದನ್ನೆಲ್ಲ ತಪ್ಪಿಸಿಕೊಳ್ಳುವುದುಂಟೇ!

ನಿಮ್ಮ ಬೆಕ್ಕು ಮನೆ ಬದಲಿಸಬೇಕು ಅಂತಿದೆ, ನಿಮ್ಮ ಅಭ್ಯಂತರ ಇದೆಯಾ ಎಂದು ಭಾವ ಅಜ್ಜಿಯನ್ನು ಕೇಳಿದರು. ಇಟ್ಕೊಳಿ ಮಾರಾಯ್ರೆ, ಇದಕ್ಕೆಲ್ಲ ನನ್ನ ಕೇಳ್ಬೇಕಾ ಎಂದರು ಅಜ್ಜಿ. ಹಾಗಲ್ಲ, ನಿಮ್ಮನ್ನು ಬಿಡುತ್ತಿರುವುದಕ್ಕೆ ಕಾರಣ ನಿಮಗೆ ಗೊತ್ತಾಗಬೇಕು, ಕಾರಣ ಮೀನು, ಬೇರೆ ಏನೂ ಇಲ್ಲ ಎಂದು ಇವರು. ಬೆಕ್ಕನ್ನು ಯಾಕೆ ಹೊತ್ತು ತಂದಿರಿ ಎಂದು ನಾನು ದಾರಿಯಲ್ಲಿ ಕೇಳಿದರೆ, ಯಾರ ವಿಷಯ ಮಾತಾಡುತ್ತೇವೋ ಅವರು ಎದುರಿಗಿರಬೇಕು ಎಂದರು. ಅಜ್ಜಿಯ ಮಗ ಮಲೆಗೆ ಹೋಗಿಬಂದು ಮಾಲೆ ತೆಗೆದ. ಆ ಮನೆಯ ಬಾಣಲೆ ಮತ್ತೆ ಚುರ್ ಎಂದಿತು. ಬೆಕ್ಕು ಯಾರನ್ನೂ ಕೇಳದೆ ವಾಪಸು ಹೋಯಿತು. ಭಾವ ಎರಡು ದಿನ ಮಂಕಾಗಿದ್ದರು. ಹೋಗುವುದು ಅದರ ಹಕ್ಕು, ಒಂದು ಮಾತು ಹೇಳಿ ಹೋಗಬಹುದಿತ್ತು ಎಂದರು.

ಹೀಗೂ ಇರುತ್ತಾರಾ ಎನ್ನಬೇಡಿ. ಇವರಿಗೆ ಮದುವೆ ಯಾಕಾಗಲಿಲ್ಲ ಎನ್ನುವುದನ್ನು ಕೇಳಿ. ನನ್ನ ಅತ್ತೆ ಬದುಕಿದ್ದಾಗ ನೂರು ಸಲ ಹೇಳಿ ನೂರು ಸಲ ಹಣೆ ಚಚ್ಚಿಕೊಂಡ ಕತೆ ಇದು. ಕಳಸದ ಕಡೆ ಒಂದು ಒಳ್ಳೆಯ ಮನೆತನದ ಹೆಣ್ಣು ನೋಡಲು ಹೋಗಿದ್ದರಂತೆ. ಹುಡುಗಿ ಎಲ್ಲರಿಗೂ ಒಪ್ಪಿಗೆ. ಕಾಫಿ ಲೋಟ ಕೆಳಗಿಟ್ಟು ನಮ್ಮ ಭಾವ ಎದ್ದು ನಿಂತರಂತೆ. ನಾನು ಒಪ್ಪಿದ್ದೇನೆ, ಕಾರಣಗಳು ಇವು ಎಂದು ಹುಡುಗಿಯ ಎದುರಿಗೇ ಹೇಳಿದರಂತೆ. ಅಲ್ಲಿಗೆ ನಿಲ್ಲಿಸಿದ್ದರೆ ಇವತ್ತು ನನಗೊಬ್ಬಳು ಓರಗಿತ್ತಿ ಇರುತ್ತಿದ್ದಳು. ನೀವು ನನ್ನನ್ನು ಒಪ್ಪದಿರಲೂ ಕಾರಣಗಳಿವೆ, ಅವೂ ನಿಮಗೆ ಗೊತ್ತಿರುವುದು ನ್ಯಾಯ ಎಂದು, ಗೊರಕೆಯಿಂದ ಹಿಡಿದು ಹಟದವರೆಗೆ ತಮ್ಮ ಕುಂದುಗಳನ್ನೆಲ್ಲ ಒಂದೊಂದಾಗಿ ವಿವರಿಸಿದರಂತೆ. ಹೆಣ್ಣಿನ ಕಡೆಯವರು ಒಳಗೆ ಹೋಗಿ ಮಾತಾಡಿಕೊಂಡು ಬಂದು, ನೀವು ಹೇಳಿದ್ದರಲ್ಲಿ ಎರಡನೆಯ ಪಟ್ಟಿಯೇ ನಮಗೆ ಸರಿಕಂಡಿತು ಎಂದರಂತೆ! ಆಮೇಲೆ ಹೆಣ್ಣು ನೋಡಲು ಇವರನ್ನು ಕರೆದುಕೊಂಡು ಹೋಗುವ ಧೈರ್ಯ ಯಾರಿಗೂ ಬರಲಿಲ್ಲ.

ನನಗೂ ಇವರ ನ್ಯಾಯದಿಂದ ನಷ್ಟವಾಗಿದೆ. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ ಇದೆ. ಕಾಲೇಜಿನ ಆಟಗಾರರಿಗೆ ವರ್ಷವರ್ಷ ಜೆರ್ಸಿ ಬೇಕು. ನಿವೃತ್ತರಾಗುವವರೆಗೆ ಭಾವನದೇ ಅದರ ಉಸ್ತುವಾರಿ. ನನ್ನ ಅಂಗಡಿಗೆ ಕೊಟ್ಟರಾ? ರಾಮಾ ರಾಮಾ. ನೀನು ತಮ್ಮನ ಹೆಂಡತಿ, ಅದೇ ಕಾರಣ ಎಂದರು. ಚಿಕ್ಕಮಗಳೂರಿನ ಯಾರೋ ಹೊಲಿದು ಕೊಟ್ಟ ಜೆರ್ಸಿಗಳು ಮೊದಲ ಮ್ಯಾಚಿನಲ್ಲೇ ಕಂಕುಳಲ್ಲಿ ಬಾಯಿಬಿಟ್ಟವು. ಹುಡುಗರು ನನ್ನ ಹತ್ತಿರ ಓಡಿ ಬಂದರೆ, ಭಾವ ಅವರ ಹಿಂದೆಯೇ ಬಂದು, ಇನ್ನೊಂದು ಟೈಲರ್ ಅಂಗಡಿಯಲ್ಲೂ ವಿಚಾರಿಸಿ ಆಮೇಲೆ ಇಲ್ಲಿಗೆ ಬನ್ನಿ ಎಂದು ವಾಪಸು ಕಳಿಸಿದರು. ಎಂಥ ಸಂಬಂಧ ಮಾರಾಯ್ರೆ ಇದು! ಅಂದು ರಾತ್ರಿ ಅವರಿಗೆ ಕಡುಬು ಜಾಸ್ತಿಯಾಗಿರಲಿಲ್ಲ.

ಅವರ ಇನ್ನೊಂದು ಹುಚ್ಚು ಬಾಗಿಲಿನದು. ಯಾವ ಸಭೆಯಾದರೂ ಸರಿ, ಭಾವ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು. ಕಾಲು ಚಾಚಿ ಬಾಗಿಲು ಮುಚ್ಚದಂತೆ ಒತ್ತಿ ಹಿಡಿಯುತ್ತಿದ್ದರು. ಯಾರನ್ನು ತಂಡಕ್ಕೆ ತಗೊಂಡೆವು, ಯಾರನ್ನು ಬಿಟ್ಟೆವು ಎನ್ನುವುದು ಹೊರಗೆ ನಿಂತ ಹುಡುಗರಿಗೆ ಕೇಳಿಸಬೇಕಂತೆ. ಜುಲೈ ತಿಂಗಳಲ್ಲಿ ಮೂಡಿಗೆರೆಯಲ್ಲಿ ಬಾಗಿಲು ತೆಗೆದಿಟ್ಟು ಸಭೆ ಮಾಡುವುದು ಎಂದರೆ ಏನೆಂದು ನಿಮಗೆ ಗೊತ್ತೆ? ಪ್ರಿನ್ಸಿಪಾಲರು ಮೇಜಿನ ಕೆಳಗೆ ಕಾಲಿಗೆ ಕಂಬಳಿ ಹೊದ್ದು ಕೂರುತ್ತಿದ್ದರು. ಮಳೆಯ ಇರಚಲು ಒಳಗೆ ಬರುತ್ತಿತ್ತು, ಒಮ್ಮೆ ರಕ್ತ ಹೀರುವ ಒಂದು ಉಂಬಳವೂ ಬಂದು ಉಪಪ್ರಿನ್ಸಿಪಾಲರ ಕಾಲು ಹಿಡಿದಿತ್ತು. ಭಾವನ ಕಾಲು ಮಾತ್ರ ಬಾಗಿಲಿನಿಂದ ಕದಲಲಿಲ್ಲ.

ಇಂಥವರನ್ನು ನಿವೃತ್ತಿಯಾದ ಮೇಲಾದರೂ ಸುಮ್ಮನೆ ಬಿಡಬಹುದಿತ್ತಲ್ಲ? ಬಿಡಲಿಲ್ಲ. ಸುತ್ತಲಿನ ಕಾಲೇಜುಗಳು ಸೇರಿ ನಡೆಸುವ ಪಂದ್ಯಾವಳಿಯ ಅರ್ಹತಾ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದರು. ಅಧ್ಯಕ್ಷರ ಜೊತೆಗೆ ಇಬ್ಬರು ಸದಸ್ಯರು. ಭಾವನಿಗೆ ಕಾರು ಬರುವುದಿಲ್ಲ, ನನಗೆ ಬರುತ್ತದೆ. ಹಾಗಾಗಿ ಸಾರಥ್ಯ ನನ್ನ ಪಾಲಿಗೆ ಬಂತು.

ಈ ಸಮಿತಿಯ ಕೆಲಸ ಏನೆಂದರೆ, ಕಾಲೇಜು ಬದಲಿಸಿದ ಆಟಗಾರರು ಹೊಸ ಕಾಲೇಜಿಗೆ ಆಡಬಹುದೋ ಇಲ್ಲವೋ ಹೇಳುವುದು. ಬದಲಿಸಿದವರು ಒಂದು ವರ್ಷ ಹೊರಗೆ ಕೂರಬೇಕು ಎಂಬುದು ನಿಯಮ. ಇಲ್ಲದಿದ್ದರೆ ದೊಡ್ಡ ಕಾಲೇಜುಗಳು ಪುಕ್ಕಟೆ ಹಾಸ್ಟೆಲ್ಲು, ಪುಕ್ಕಟೆ ಬೂಟು ಎಂದು ಆಸೆ ತೋರಿಸಿ ಸಣ್ಣ ಊರಿನ ಒಳ್ಳೆಯ ಆಟಗಾರರನ್ನೆಲ್ಲ ಎತ್ತಿಕೊಂಡು ಹೋಗುತ್ತವೆ. ಮನೆಯವರ ಕಷ್ಟದಿಂದಲೇ ಊರು ಬಿಡಬೇಕಾಗಿ ಬಂದಿದ್ದರೆ ಮಾತ್ರ ವಿನಾಯಿತಿ. ಯಾವುದು ಆಸೆ, ಯಾವುದು ಕಷ್ಟ ಎಂದು ತೀರ್ಮಾನಿಸುವುದೇ ತಲೆನೋವು.

ಆ ವರ್ಷ ಸಮಿತಿಯ ಮುಂದೆ ಬಂದದ್ದು ಒಬ್ಬಳೇ ಹುಡುಗಿ. ವಾಲಿಬಾಲ್ ಆಟಗಾರ್ತಿ, ಎಡಗೈಯವಳು. ಅವಳಿಗೆ ಮೂಡಿಗೆರೆಯಲ್ಲಿ ಆಟ ಕಲಿಸಿದವರು ಭಾವನೇ. ಅವಳು ಸುಮಾರಾಗಿ ಆಡುತ್ತಾಳೆ ಎನ್ನುತ್ತಿದ್ದರು. ಭಾವನ ಬಾಯಲ್ಲಿ ಸುಮಾರು ಎಂಬ ಮಾತು ಬಂದರೆ ಅದು ಪದ್ಮಶ್ರೀಗೆ ಸಮ, ಬೇರೆ ಯಾರಿಗೂ ಅದನ್ನು ಕೊಟ್ಟವರಲ್ಲ. ಭಾವ ನಿವೃತ್ತರಾದ ವರ್ಷವೇ ಅವಳು ಚಿಕ್ಕಮಗಳೂರಿನ ಕಾಲೇಜು ಸೇರಿದ್ದಳು. ಅದು ಅವಳ ಕೊನೆಯ ವರ್ಷ. ಈ ವರ್ಷ ಹೊರಗೆ ಕೂತರೆ ಅವಳ ಕಾಲೇಜು ಆಟ ಅಲ್ಲಿಗೆ ಮುಗಿದಂತೆ. ಮೂಡಿಗೆರೆ ಕಾಲೇಜಿನವರು ಅವಳನ್ನು ಆಡಿಸಬಾರದು ಎಂದು ಆಕ್ಷೇಪ ಹಾಕಿದ್ದರು.

ಎರಡೂ ಊರಿನವರಿಗೂ ಭಾವನ ಮೇಲೆ ಭರವಸೆ. ನಮ್ಮೂರ ಮೇಷ್ಟ್ರು, ನಮ್ಮ ಕಾಲೇಜನ್ನು ಬಿಟ್ಟುಕೊಡುತ್ತಾರಾ ಎಂದು ಇವರು. ಮಗಳ ಹಾಗೆ ಕಲಿಸಿದ ಹುಡುಗಿ, ಕೈಬಿಡುತ್ತಾರಾ ಎಂದು ಅವರು. ಭಾವ ಏನು ಮಾಡಿದರು ಗೊತ್ತೆ? ಚಿಕ್ಕಮಗಳೂರಿನಲ್ಲಿ ಸಭೆ ಶುರುವಾದ ಕೂಡಲೇ, ಇವಳಿಗೆ ಆಟ ಕಲಿಸಿದವನು ನಾನು, ಬಿಟ್ಟುಬಂದ ಕಾಲೇಜೂ ನನ್ನದೇ, ಇದರಲ್ಲಿ ನಾನು ತೀರ್ಪು ಕೊಡಬಾರದು ಎಂದು ಎದ್ದು ಹೊರಗೆ ಬಂದುಬಿಟ್ಟರು. ಬಂದವರು ನನ್ನ ಜೊತೆ ಕ್ಯಾಂಟೀನಿನಲ್ಲಿ ಕಾಫಿಗೆ ಕೂತರು. ಅಧ್ಯಕ್ಷರ ಕಾಲು ಹೊರಗೆ ಬಂದದ್ದೇ ತಡ, ಒಳಗಿದ್ದ ಇಬ್ಬರು ಸದಸ್ಯರು ಮೊದಲು ಮಾಡಿದ ಕೆಲಸ ಬಾಗಿಲು ಹಾಕಿದ್ದು.

ನಮ್ಮ ಕಾಫಿ ಮುಗಿಯುವುದರೊಳಗೆ ತೀರ್ಮಾನ ಬಂತು. ಅನರ್ಹಳು. ಅಷ್ಟೇ. ಯಾಕೆ ಎಂದು ಭಾವ ಕೇಳಿದರು. ಅದು ಗೌಪ್ಯ ಎಂದರು. ಹುಡುಗಿ ಕಾರಿಡಾರಿನ ಗೋಡೆಗೆ ಒರಗಿ ನಿಂತಿದ್ದಳು. ಅಳಲಿಲ್ಲ. ಭಾವನ ಮುಖವನ್ನು ಒಮ್ಮೆ ನೋಡಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದಳು. ಅವಳ ಲೆಕ್ಕದಲ್ಲಿ ಬೇಡ ಎಂದವರು ಇವರೇ ತಾನೆ, ಅಧ್ಯಕ್ಷರು!

ವಾಪಸು ಬರುವಾಗ ಆಲ್ದೂರು ದಾಟಿದ ಮೇಲೆ ಭಾವ ಕಾರಿನಲ್ಲಿ ಬಾಯಿ ಬಿಟ್ಟರು. 

"ಬೇಡ ಅಂದಿದ್ದಕ್ಕೆ ಅಲ್ಲ ಕಣಮ್ಮ. ಬೇಡ ಅನ್ನೋದು ಸರೀನೇ ಇರ್ಬೋದು. ಯಾಕೆ ಅಂತ ಹೇಳ್ದಿದ್ರೆ ಅವಳು ಜೀವನಪೂರ್ತಿ ಅದನ್ನೇ ಯೋಚನೆ ಮಾಡ್ತಾಳೆ. ನನ್ನಲ್ಲಿ ಎಂತ ಕಮ್ಮಿ ಇತ್ತು ಅಂತ."

ಈ ಮಾತನ್ನು ಅವರು ಹುಡುಗಿಯ ಬಗ್ಗೆ ಮಾತ್ರ ಹೇಳಿದರು ಎಂದು ನನಗೆ ಅನ್ನಿಸಲಿಲ್ಲ. ಗೇರ್ ಬದಲಿಸುವಾಗ ಕಳಸದ ಕತೆ ನೆನಪಾಯಿತು.

ಮರುದಿನ ಭಾವ ಅಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟರು. ಈಗ ನಾನು ಸಾರ್ವಜನಿಕ, ಯಾರನ್ನು ಬೇಕಾದರೂ ಕೇಳಬಹುದು ಎಂದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ! ದಿನಾ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಇವರನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗುವುದು. ಇವರು ಸಮಿತಿಯ ಆಫೀಸಿಗೆ ಹೋಗಿ ಕಾರಣ ಏನು ಎಂದು ಕೇಳುವುದು. ಜಗಳವಿಲ್ಲ, ಕೂಗಾಟವಿಲ್ಲ. ಸಾರ್ ಊಟಕ್ಕೆ ಹೋಗಿದ್ದಾರೆ ಎಂದು ಅಟೆಂಡರ್ ಹೇಳಿದರೆ, ಒಳ್ಳೇದು, ಇದಕ್ಕಾದರೂ ಒಂದು ಕಾರಣ ಸಿಕ್ಕಿತು ಎಂದು ಬೆಂಚಿನ ಮೇಲೆ ಕೂರುವರು. ಸಾರ್ ಊಟ ಮುಗಿಸಿ ಬಂದರೆ ಎದ್ದು ನಿಂತು ಮತ್ತೆ ಅದೇ ಪ್ರಶ್ನೆ. ಒಬ್ಬ ಸದಸ್ಯರಂತೂ ಇವರ ಕಣ್ಣು ತಪ್ಪಿಸಲು ಹಿಂಬದಿಯ ಕಿಟಕಿಯಿಂದ ಇಳಿದು ಹೋಗುವಾಗ ಪ್ಯಾಂಟು ಹರಿದುಕೊಂಡರು. ನಾನೇ ಕಾರಿನಿಂದ ಸೂಜಿ ದಾರ ತಂದು ಹೊಲಿದು ಕೊಟ್ಟೆ. ಭಾವ ಅದಕ್ಕೂ ಆಕ್ಷೇಪಿಸಿದರು. ಕಾರಣ ಹೇಳುವುದು ಬಾಕಿ ಇರುವಾಗ ಸದಸ್ಯರಿಗೆ ಪುಕ್ಕಟೆ ಸೇವೆ ಮಾಡಬಾರದಂತೆ!

ಮೂಡಿಗೆರೆಯಲ್ಲಿ ಸುದ್ದಿ ಹಬ್ಬಿತು. ಮೇಷ್ಟ್ರು ಊರಿಗೆ ದ್ರೋಹ ಮಾಡ್ತಿದ್ದಾರೆ ಎಂದರು. ಬೆಳಿಗ್ಗೆ ಗ್ರೌಂಡಿನಲ್ಲಿ ಇವರ ಜೊತೆ ನಡೆಯುತ್ತಿದ್ದ ಹಳೆಯ ಶಿಷ್ಯರು ಬರುವ ಹೊತ್ತು ಬದಲಿಸಿದರು. ಹೋಟೆಲಿನಲ್ಲಿ ಇವರು ಕೂತ ಮೇಜಿನ ಬೇರೆ ಕುರ್ಚಿಗಳು ಖಾಲಿ ಉಳಿಯತೊಡಗಿದವು. ಯಾಕೆ ಬರುತ್ತಿಲ್ಲ ಎಂದು ಭಾವ ಯಾರನ್ನೂ ಕೇಳಲಿಲ್ಲ. ಅದೊಂದಕ್ಕೆ ಮಾತ್ರ ಅವರಿಗೆ ಕಾರಣ ಗೊತ್ತಿತ್ತು. ಗ್ರೌಂಡಿನಲ್ಲಿ ಒಬ್ಬರೇ ಸುತ್ತು ಹಾಕುವುದನ್ನು ಅಂಗಡಿಗೆ ಹೋಗುವಾಗ ನೋಡುತ್ತಿದ್ದೆ. ನನ್ನನ್ನು ಕಂಡರೆ, ಜಾಗ ಖಾಲಿ ಇದ್ದರೆ ನಡೆಯೋಕೆ ಸಲೀಸು ಎನ್ನುತ್ತಿದ್ದರು. 

ಕೊನೆಗೆ ಆಫೀಸಿನವರಿಗೇ ಸಾಕಾಗಿ, ಎಲ್ಲರೆದುರು ಮರುವಿಚಾರಣೆ ಮಾಡಲು ಒಪ್ಪಿದರು. ಜಾಗ ಆರಿಸಿದ್ದು ಭಾವ. ಆಟದ ಮೈದಾನದ ಪೆವಿಲಿಯನ್, ಅದಕ್ಕೆ ಬಾಗಿಲೇ ಇಲ್ಲ. ಎರಡೂ ತಂಡದವರು, ಮೂಡಿಗೆರೆಯ ಹೊಸ ಆಟದ ಮೇಷ್ಟ್ರು, ಹುಡುಗಿ, ಅವಳ ತಾಯಿ ಎಲ್ಲ ಬಂದು ಕೂತರು. ಸದಸ್ಯರಲ್ಲಿ ಹಿರಿಯರು ಗಂಟಲು ಸರಿಮಾಡಿಕೊಂಡು ಕಾರಣ ಹೇಳಿದರು. ಹೊಸ ಕಾಲೇಜಿನವರು ಈ ಹುಡುಗಿಗೆ ಹಾಸ್ಟೆಲಿನಲ್ಲಿ ಪುಕ್ಕಟೆ ರೂಮು ಕೊಟ್ಟಿದ್ದಾರೆ, ಅದು ಆಸೆ ತೋರಿಸಿ ಕರೆಸಿಕೊಂಡ ಹಾಗೆ.

ಹುಡುಗಿ ಎದ್ದು ನಿಂತಳು. ಅದು ತನ್ನ ರೂಮಲ್ಲ, ಅಮ್ಮನ ಕ್ವಾರ್ಟರ್ಸು ಎಂದಳು. ಅವಳ ತಾಯಿ ಬಣಕಲ್ ಹತ್ತಿರದ ಒಂದು ಎಸ್ಟೇಟಿನ ಬಂಗಲೆಯಲ್ಲಿ ಅಡಿಗೆಗಿದ್ದರು. ಎಸ್ಟೇಟು ಮಾರಾಟವಾಗಿ, ಹೊಸ ಮಾಲೀಕರು ಬಂಗಲೆಯನ್ನು ರೆಸಾರ್ಟು ಮಾಡಿದರು. ಕೆಲಸ ಹೋದ ಮೇಲೆ ಕ್ವಾರ್ಟರ್ಸಿನಲ್ಲಿ ಯಾರು ಇರಲು ಬಿಡುತ್ತಾರೆ? ಹಾಸ್ಟೆಲಿನಲ್ಲಿ ಅಡಿಗೆ ಕೆಲಸ ಸಿಕ್ಕಿತು, ಕೆಲಸದ ಜೊತೆ ಹಿಂಬದಿಯಲ್ಲೊಂದು ರೂಮು ಸಿಕ್ಕಿತು. ನಮ್ಮ ಕಡೆ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರಿಂದ ಹಿಡಿದು ಮೇಸ್ತ್ರಿವರೆಗೆ ಎಲ್ಲರದ್ದೂ ಹೀಗೇ, ಕೆಲಸ ಇದ್ದಲ್ಲಿ ಸೂರು. ಸದಸ್ಯರಿಬ್ಬರೂ ಕಾಫಿ ತೋಟದ ಮನೆಗಳವರೇ. ತಮ್ಮ ತೋಟದಲ್ಲಿ ಲೈನ್ ಮನೆ ಕೊಟ್ಟರೆ ಕೆಲಸದವರಿಗೆ ಕೊಟ್ಟ ಸೂರು, ಹಾಸ್ಟೆಲಿನವರು ಕೊಟ್ಟರೆ ಆಟಗಾರ್ತಿಗೆ ಕೊಟ್ಟ ಲಂಚ! ಹೌದಲ್ಲ ಎಂದು ಕಿರಿಯ ಸದಸ್ಯರು ತಲೆ ಕೆರೆದುಕೊಂಡರು.

ಸರಿ, ಮುಗಿಯಿತು ಎಂದು ನಾನು ಕಾರಿನ ಕೀ ಹುಡುಕುತ್ತಿದ್ದೆ. ಅಷ್ಟರಲ್ಲಿ ಎದ್ದರು ನಮ್ಮ ಮಹಾನುಭಾವರು. ಒಂದು ಪ್ರಶ್ನೆ ಉಳಿದಿದೆಯಂತೆ. ಮಗಳ ಆಟಕ್ಕಾಗಿಯೇ ತಾಯಿಗೆ ಕೆಲಸ ಕೊಟ್ಟಿರಬಹುದಲ್ಲ, ಕೆಲಸ ಮೊದಲೋ ಕಾಲೇಜು ಬದಲಿಸಿದ್ದು ಮೊದಲೋ ಎಂದು ಕೇಳಿದರು. ಗೆದ್ದ ಎತ್ತಿನ ಬಾಲ ಹಿಡಿದು ಹಿಂದಕ್ಕೆ ಎಳೆಯುವವರನ್ನು ನೀವು ಕಂಡಿದ್ದೀರಾ? ನನಗೆ ಅವರ ಬಾಯಿಗೆ ಹೊಲಿಗೆ ಹಾಕುವಷ್ಟು ಸಿಟ್ಟು ಬಂತು. ಹುಡುಗಿ ಪೆಟ್ಟು ತಿಂದವಳ ಹಾಗೆ ಅವರನ್ನು ನೋಡಿದಳು.

ಅಮ್ಮನ ಕೆಲಸವೇ ಮೊದಲು ಎಂದಳು. ಹೋದ ವರ್ಷ ಅರ್ಧದಲ್ಲೇ ತಾಯಿ ಮಗಳು ಚಿಕ್ಕಮಗಳೂರಿಗೆ ಬಂದಾಗಿತ್ತು. ಆ ವರ್ಷ ಮುಗಿಯುವವರೆಗೂ ಅವಳು ಅಲ್ಲಿಂದ ಮೂಡಿಗೆರೆಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು, ಬೆಳಗಿನ ಪ್ರಾಕ್ಟೀಸ್ ಬಿಡಬಾರದೆಂದು. ಸಾರ್ ರಿಟೈರ್ ಆಗುವವರೆಗೆ ಅವರ ತಂಡದಲ್ಲೇ ಆಡಬೇಕು ಅಂತಿತ್ತು ಎಂದಳು.

ಭಾವ ನಿಂತೇ ಇದ್ದರು. ಆ ತಿಂಗಳುಗಳು ನನಗೂ ನೆನಪಾದವು. ಆ ಹುಡುಗಿ ದಿನಾ ತಡವಾಗಿ ಬರುತ್ತಾಳೆ, ಶಿಸ್ತಿಲ್ಲ ಎಂದು ಭಾವ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಗೊಣಗುತ್ತಿದ್ದರು.

"ಲೇಟಾಗಿ ಬಂದಿದ್ದಕ್ಕೆ ನಾನು ನಿನ್ನ ಗ್ರೌಂಡ್ ಸುತ್ತ ಓಡಿಸ್ತಿದ್ನಲ್ಲ," ಎಂದರು ಭಾವ. "ಆಗ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್," ಎಂದಳು ಅವಳು.

ಕುಚೋದ್ಯದಿಂದ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಊರಿನವರೆಲ್ಲರ ಹತ್ತಿರ ಕಾರಣ ಕೇಳುತ್ತಿದ್ದ ಮನುಷ್ಯ ಅಷ್ಟು ಜನರ ಮುಂದೆ ತಪ್ಪಾಯ್ತಮ್ಮ ಎಂದು ಕೈ ಮುಗಿದರು. ಅವಳಿಗೆ ಗಾಬರಿಯಾಗಿ ಅಮ್ಮನ ಪಕ್ಕ ಕೂತುಬಿಟ್ಟಳು. ಹುಡುಗಿ ಅರ್ಹಳು ಎಂದು ಹಿರಿಯ ಸದಸ್ಯರು ಕಾರಣ ಸಮೇತ ಗಟ್ಟಿಯಾಗಿ ಹೇಳಿದರು. ಭಾವನ ಕಡೆ ನೋಡಿ ಇನ್ನೊಂದು ಸಲ ಹೇಳಿದರು.

ಅವಳು ಆಡಿದಳು. ಹೇಗೆ ಆಡಿದಳು ಎನ್ನುತ್ತೀರಿ! ಫೈನಲ್ಲಿನಲ್ಲಿ ಎದುರಿಗೆ ಬಂದದ್ದು ನಮ್ಮ ಮೂಡಿಗೆರೆಯೇ. ಒಂದು ಬದಿಯಲ್ಲಿ ನಮ್ಮೂರಿನವರು, ಇನ್ನೊಂದು ಬದಿಯಲ್ಲಿ ಅವಳ ಕಾಲೇಜಿನವರು, ನಡುವೆ ಸೂಜಿ ಹಾಕಲೂ ಜಾಗವಿಲ್ಲ. ಭಾವ ಎರಡೂ ಕಡೆ ಸೇರದೆ, ಅಂಪೈರರ ಹಿಂದೆ ದೂರದ ಮಣ್ಣಿನ ದಿಬ್ಬದ ಮೇಲೆ ಒಬ್ಬರೇ ಕೂತಿದ್ದರು. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡಿದ್ದರು. ಚಳಿ ಇರಬೇಕು ಎಂದುಕೊಂಡೆ. ಕೊನೆಯ ಪಾಯಿಂಟನ್ನು ಅವಳು ಎಡಗೈಯಲ್ಲಿ ಹೊಡೆದಾಗ ಮೈದಾನವೇ ಎದ್ದು ಕುಣಿಯಿತು. ಅವಳನ್ನು ಹೊತ್ತುಕೊಂಡು ಹೋದರು. ನಮ್ಮೂರಿನವರು ದಿಬ್ಬದ ಪಕ್ಕದಿಂದಲೇ ಬಸ್ಸಿಗೆ ಹೋದರು, ಒಬ್ಬರೂ ಭಾವನ ಕಡೆ ತಿರುಗಲಿಲ್ಲ. ಗೆದ್ದವರಿಗೆ ಆ ದಿಬ್ಬ ಇದೆ ಎನ್ನುವ ನೆನಪೂ ಇರಲಿಲ್ಲ.

ಜನ ಖಾಲಿಯಾದ ಮೇಲೆ ನಾನು ದಿಬ್ಬ ಹತ್ತಿದೆ. ಅವರು ಇನ್ನೂ ಕೈಗಳನ್ನು ತೆಗೆದಿರಲಿಲ್ಲ. ಸುಮಾರಾಗಿ ಆಡಿದಳಲ್ಲ ಎಂದರು. ಚೆನ್ನಾಗಿ ಆಡಿದಳು ಭಾವ ಎಂದೆ. ನೆಟ್ ಬಿಚ್ಚುವವರನ್ನು ನೋಡುತ್ತಾ ಕೂತರು.

"ಚಪ್ಪಾಳೆ ಹೊಡೀಬೇಕು ಅನ್ನಿಸ್ತು. ಎಲ್ಲಿ ಹೊಡೆದುಬಿಡ್ತೀನೋ ಅಂತ ಕೈ ಮೇಲೆ ಕೂತ್ಕೊಂಡೆ," ಎಂದರು. "ಯಾರ ಕಡೆಗೂ ಇರಬಾರದು ಅಂತ ಇಷ್ಟು ವರ್ಷ ಇದ್ದೆ ಕಣಮ್ಮ. ಈಗ ನೋಡಿದ್ರೆ ನನ್ನ ಕಡೆ ಯಾರೂ ಇಲ್ಲ."

ಅವರು ಅಳುತ್ತಿದ್ದರು. ಅಂಥ ಮನುಷ್ಯ ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ದಿಬ್ಬ ಹಸಿಯಾಗಿತ್ತು, ಸೀರೆ ಕೆಸರಾದರೆ ಆಗಲಿ ಎಂದು ಪಕ್ಕದಲ್ಲೇ ಕೂತೆ.

"ನಾನಿದೀನಿ ಭಾವ, ನಿಮ್ಮ ಕಡೆ," ಎಂದೆ.

ಅವರು ನನ್ನ ಮುಖ ನೋಡಿದರು. ತುಟಿ ಅಲುಗಿತು. ಈಗ ಕೇಳುತ್ತಾರೆ ಎಂದು ನಾನು ಉತ್ತರ ಹುಡುಕತೊಡಗಿದೆ, ಒಂದೂ ಹೊಳೆಯಲಿಲ್ಲ.

ಭಾವ ಯಾಕೆ ಎಂದು ಕೇಳಲಿಲ್ಲ.